ರಸ್ತೆಯೇ ಬಿಡಾರವಾದಾಗ

ಕಳೆದ ಡಿಸೆಂಬರಿನ ಒಂದು ಮುಂಜಾನೆ ಹಾಲಿನ ಪ್ಯಾಕೆಟ್ಟು ತೆಗೆದುಕೊಳ್ಳಲೆಂದು ಗೇಟು ತೆರೆದಾಗ, ಕೊಟ್ಟಾರದ ನಮ್ಮ ಮನೆಯ ಕೆಂಪುಕಲ್ಲಿನ ಆವರಣಗೋಡೆಗೆ ಮೈಯೊತ್ತಿಕೊಂಡಂತೆ ಒಂದು ಟೂರಿಸ್ಟ್ ಬಸ್ಸು ನಿಂತಿತ್ತು. ರಾತ್ರಿ ನಾವು ದೀಪ ಆರಿಸಿದ ಮೇಲೆ ಬಂದಿರಬೇಕು. ಚರಂಡಿಯ ಚಪ್ಪಡಿಯ ಮೇಲೆ ಗ್ಯಾಸ್ ಒಲೆಯಿಟ್ಟು ಇಬ್ಬರು ಅಡುಗೆಯವರು ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಕೆದಕುತ್ತಿದ್ದರು. ಬಸ್ಸಿನ ಕಿಟಕಿಯಿಂದ ವಿದ್ಯುತ್ ಕಂಬಕ್ಕೆ ಬಿಗಿದ ಹಗ್ಗದಲ್ಲಿ ಒದ್ದೆ ಟವೆಲುಗಳು ತೂಗುತ್ತಿದ್ದವು. ನಮ್ಮ ಗೇಟಿನ ಮೆಟ್ಟಿಲ ಮೇಲೆ ಐದಾರು ವರ್ಷದ ಹುಡುಗಿಯೊಬ್ಬಳು ಕುಳಿತು ಅಜ್ಜಿಯ ಕೈಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದಳು.

ನನಗೆ ಸಿಟ್ಟು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಬಾಯಿಗೆ ಬಂದ ಮಾತನ್ನು ಆಡುವ ಮೊದಲೇ ಕೊಡ ಹಿಡಿದ ಒಬ್ಬರು ಮುಂದೆ ಬಂದು, 'ಎರಡ ಕೊಡ ನೀರ ಸಿಗತಾವೇನ್ರೀ ಸರ?' ಎಂದರು. ಬಾಗಲಕೋಟೆಯ ಕಡೆಯವರು. ಕೊಲ್ಲೂರು, ಉಡುಪಿ, ಕಟೀಲು ಮುಗಿಸಿ ರಾತ್ರಿ ಹತ್ತರ ಹೊತ್ತಿಗೆ ಮಂಗಳೂರು ಸೇರಿದ್ದಾರೆ. ಬೆಳಿಗ್ಗೆ ಕಡಲು ನೋಡಿ, ಕದ್ರಿ, ಕುದ್ರೋಳಿ ದರ್ಶನ ಮಾಡಿಕೊಂಡು ಧರ್ಮಸ್ಥಳದ ದಾರಿ ಹಿಡಿಯಬೇಕು. ಹೊರಗಿನ ನಲ್ಲಿಯನ್ನು ತೋರಿಸಿದೆ. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ದಾಟಿ ನೇರವಾಗಿ ನನ್ನ ಹೆಂಡತಿಯ ಬಳಿಗೆ ಹೋಗಿ ತಗ್ಗಿದ ದನಿಯಲ್ಲಿ ಏನನ್ನೋ ಕೇಳಿದರು. ಆ ಪ್ರಶ್ನೆ ಏನೆಂದು ಊಹಿಸುವುದು ಕಷ್ಟವಲ್ಲ. ಬಸ್ಸಿನಲ್ಲಿ ನಲವತ್ತಕ್ಕೂ ಹೆಚ್ಚು ಜನ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಮತ್ತು ಮಕ್ಕಳು.

ವಸತಿ ಬಡಾವಣೆಗಳ ಸಾರ್ವಜನಿಕ ರಸ್ತೆಗಳಲ್ಲಿ ರಾತ್ರಿ ತಂಗುವ ವಾಹನಗಳ ಬಗ್ಗೆ ನಮ್ಮಲ್ಲಿ ಚರ್ಚೆ ನಡೆಯುವುದೇ ಅಪರೂಪ. ನಡೆದರೂ ಅದು 'ಪಾರ್ಕಿಂಗ್ ಸಮಸ್ಯೆ' ಎಂಬ ತಲೆಬರಹದ ಕೆಳಗೆ ಮುಗಿದುಹೋಗುತ್ತದೆ. ಪೊಲೀಸರು ಬರಬೇಕು, ದಂಡ ಹಾಕಬೇಕು, ಗಾಡಿ ಎತ್ತಿಕೊಂಡು ಹೋಗಬೇಕು ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಆ ವಾಹನದೊಳಗೆ ಮನುಷ್ಯರು ಮಲಗಿದ್ದಾರೆ, ಅವರಿಗೆ ನೀರು, ಶೌಚ, ನಿದ್ದೆ ಬೇಕು ಎಂಬ ಅಂಶ ಈ ಚರ್ಚೆಯೊಳಗೆ ಬರುವುದೇ ಇಲ್ಲ. ನನ್ನ ಮಟ್ಟಿಗಂತೂ ಸಮಸ್ಯೆಯ ಬೇರು ಇರುವುದು ಅಲ್ಲಿಯೇ.

ಕೊಟ್ಟಾರವನ್ನು ಕಾಣದವರಿಗಾಗಿ ಸ್ವಲ್ಪ ಹೇಳಬೇಕು. ನಗರದ ಉತ್ತರದ ಅಂಚಿನಲ್ಲಿ, ಲೇಡಿಹಿಲ್ ಮತ್ತು ಉರ್ವಸ್ಟೋರಿನ ಕಡೆಯಿಂದ ಬರುವ ರಸ್ತೆ ಕೊಟ್ಟಾರ ಚೌಕಿಯಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಸೇರುತ್ತದೆ. ಹಿಂದೆ ಹದಿನೇಳು ಎಂಬ ಸಂಖ್ಯೆಯಿದ್ದು ಈಗ ಅರವತ್ತಾರಾಗಿರುವ ಹೆದ್ದಾರಿ ಅದು. ಚೌಕಿಯಿಂದ ಉತ್ತರಕ್ಕೆ ಹೊರಟರೆ ಕೆಲವೇ ನಿಮಿಷಗಳಲ್ಲಿ ಕೂಳೂರು ಸೇತುವೆ. ಫಲ್ಗುಣಿ ನದಿಯನ್ನು ದಾಟಿ ಎಡಕ್ಕೆ ತಿರುಗಿದರೆ ತಣ್ಣೀರುಬಾವಿ, ನೇರ ಹೋದರೆ ಪಣಂಬೂರು. ಅಂದರೆ ಗೋವಾ, ಉಡುಪಿ ಕಡೆಯಿಂದ ಕೇರಳಕ್ಕೆ ಹೋಗುವವರೂ ಘಟ್ಟದ ಮೇಲಿನಿಂದ ಕಡಲು ನೋಡಲು ಇಳಿದು ಬರುವವರೂ ನಮ್ಮ ಮೂಲೆಯನ್ನು ಹಾದೇ ಹೋಗಬೇಕು. ನವೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗೆ ಶಬರಿಮಲೆಯ ಯಾತ್ರಿಕರು, ಅದೇ ಹೊತ್ತಿನಲ್ಲಿ ಶಾಲಾ ಪ್ರವಾಸದ ಬಸ್ಸುಗಳು, ಏಪ್ರಿಲ್-ಮೇ ತಿಂಗಳಲ್ಲಿ ರಜೆಯ ಕುಟುಂಬಗಳು. ಇತ್ತೀಚಿನ ವರ್ಷಗಳಲ್ಲಿ ಹಾಸಿಗೆ, ಒಲೆ ಜೋಡಿಸಿಕೊಂಡ ವ್ಯಾನುಗಳೂ ಅಲ್ಲೊಂದು ಇಲ್ಲೊಂದು ಕಾಣುತ್ತಿವೆ. ಬೆಂಗಳೂರಿನ ತರುಣ ದಂಪತಿಗಳು ನಾಯಿಮರಿಯೊಂದಿಗೆ ಅದರಲ್ಲೇ ವಾಸ ಮಾಡುತ್ತ ಕರಾವಳಿಯುದ್ದಕ್ಕೂ ಸಾಗುತ್ತಾರೆ. ಮಲಗುವ ಹೊತ್ತಿಗೆ ಅವರೂ ಬೀದಿದೀಪವಿರುವ, ಮನೆಗಳಿರುವ ರಸ್ತೆಯನ್ನೇ ಹುಡುಕುತ್ತಾರೆ. ಹೆದ್ದಾರಿಯ ಪಕ್ಕ ನಿಲ್ಲಿಸಿದರೆ ಜೀವಕ್ಕೆ ಅಪಾಯ, ಡೀಸೆಲ್ ಕಳವಿನ ಭಯ. ಕತ್ತಲಾದ ಮೇಲೆ ಕಡಲತೀರವೂ ತಂಗಲು ತಕ್ಕ ಜಾಗವಲ್ಲ. ಅಲ್ಲದೆ ಪ್ರವಾಸಿಗರ ಋತುವೇ ನಮ್ಮ ತೀರಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುವ ಋತುವೂ ಹೌದು. ಅಲ್ಲಿ ದೀಪ ಹಚ್ಚಿ ಒಲೆ ಹೂಡುವುದು ಯಾವ ರೀತಿಯಿಂದಲೂ ಒಪ್ಪತಕ್ಕದ್ದಲ್ಲ. ಉಳಿಯುವುದು ನಮ್ಮ ಮನೆಗಳ ಮುಂದಿನ ರಸ್ತೆ.

ಇದು ಇಂದು ನಿನ್ನೆಯ ಕಥೆಯೂ ಅಲ್ಲ. ಎರಡು ದಶಕದ ಹಿಂದೆ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಶಿರಾಡಿ ಘಾಟಿ ಇಳಿದು ನವಮಂಗಳೂರು ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದುದನ್ನು ಈ ಕಡೆಯವರು ಮರೆತಿಲ್ಲ. ಬಂದರಿನೊಳಗೆ ಸರದಿ ಬರುವ ತನಕ ಅವು ಹೆದ್ದಾರಿಯ ಇಕ್ಕೆಲಗಳಲ್ಲಿ ಬೀಡುಬಿಡುತ್ತಿದ್ದವು. ಒಗೆದು ಹಾಕಿದ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಕೆಂಪಾಗುತ್ತಿತ್ತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದ ಮೇಲೆ ಆ ಸಾಲು ಕರಗಿತು. ಗಮನಿಸಬೇಕಾದ ಸಂಗತಿಯೆಂದರೆ, ಅಷ್ಟು ವರ್ಷ ಅಷ್ಟೊಂದು ಲಾರಿ ಬಂದುಹೋದರೂ, ಲಾರಿಯವನು ರಾತ್ರಿ ಎಲ್ಲಿ ಮಲಗಬೇಕೆಂಬ ಪ್ರಶ್ನೆಗೆ ನಗರ ಒಂದು ಉತ್ತರ ಕಂಡುಕೊಳ್ಳಲಿಲ್ಲ. ಅದಿರು ನಿಂತಾಗ ಪ್ರಶ್ನೆಯೂ ನಿಂತಿತೆಂದು ನಿಟ್ಟುಸಿರುಬಿಟ್ಟಿತು. ಅನಿಲ ಟ್ಯಾಂಕರುಗಳ ವಿಷಯದಲ್ಲಾದರೂ ನಾವು ಎಚ್ಚೆತ್ತುಕೊಳ್ಳಬೇಕಿತ್ತು. 2012ರ ಆಗಸ್ಟಿನಲ್ಲಿ ಕಣ್ಣೂರಿನ ಚಾಲದಲ್ಲಿ, 2013ರ ಏಪ್ರಿಲಿನಲ್ಲಿ ನಮ್ಮ ಬಂಟ್ವಾಳ ತಾಲ್ಲೂಕಿನ ಪೆರ್ನೆಯಲ್ಲಿ ಟ್ಯಾಂಕರು ಮಗುಚಿ ಮನೆಗಳ ಸಮೇತ ಜನ ಸುಟ್ಟುಹೋದರು. ಅವು ಚಲಿಸುತ್ತಿದ್ದ ಟ್ಯಾಂಕರುಗಳು, ನಿಜ. ಆದರೆ ದಣಿದ ಚಾಲಕ ಮತ್ತು ಮನೆಗಳ ಸಾಲು ಒಂದರ ಪಕ್ಕ ಒಂದು ಇರಬಾರದೆಂಬುದನ್ನು ತಿಳಿಯಲು ಇನ್ನೆಷ್ಟು ಬೆಂಕಿ ಬೇಕು?

ಇನ್ನು ನಾನು ಹೇಳಬೇಕಾದ ಒಂದು ರಾತ್ರಿಯ ಸಂಗತಿಯಿದೆ. ಬರೆಯಲು ಸಂಕೋಚವಾಗುತ್ತದೆ. ಆದರೆ ಅದನ್ನು ಬಿಟ್ಟು ಈ ವಿಷಯದ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ.

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳ ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ನಮ್ಮ ಓಣಿಯ ಒಳತುದಿಯ ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡಿತು. ಆಂಬುಲೆನ್ಸು ತಡಮಾಡದೆ ಬಂತು. ಓಣಿಯ ಬಾಯಿಯಲ್ಲಿ ನಿಂತಿತು. ಅಲ್ಲಿ ಒಂದು ಬದಿಯಲ್ಲಿ ಮಾಲಾಧಾರಿಗಳ ಬಸ್ಸು, ಇನ್ನೊಂದು ಬದಿಯಲ್ಲಿ, ಬಸ್ಸಿಗೆ ಸರಿಯಾಗಿ ಎದುರು, ಒಂದು ಕಾರು. ಎರಡರ ನಡುವೆ ಆಟೊರಿಕ್ಷಾ ನುಸುಳಬಹುದಿತ್ತು, ಆಂಬುಲೆನ್ಸು ಸಾಧ್ಯವಿರಲಿಲ್ಲ. ಬಸ್ಸಿನ ಚಾಲಕನನ್ನು ಎಬ್ಬಿಸಿದರು. ಆತ ಕಣ್ಣುಜ್ಜಿಕೊಳ್ಳುತ್ತಲೇ ಗಾಡಿ ಚಾಲೂ ಮಾಡಿದ. ಆದರೆ ಹಿಂದಕ್ಕೆ ತೆಗೆಯಬೇಕಾದರೆ ಆಂಬುಲೆನ್ಸೂ ಅದರ ಹಿಂದೆ ಬಂದು ನಿಂತ ಇನ್ನೆರಡು ಗಾಡಿಗಳೂ ಸರಿಯಬೇಕು. ಮುಂದಕ್ಕೆ ತೆಗೆದರೆ ಓಣಿ ಇನ್ನಷ್ಟು ಇಕ್ಕಟ್ಟು. ಕಾರನ್ನು ಸರಿಸಿದ್ದರೆ ಅರ್ಧ ನಿಮಿಷದಲ್ಲಿ ದಾರಿಯಾಗುತ್ತಿತ್ತು. ಕಾರು ನಮ್ಮದು. ಮನೆಯ ಅಂಗಳದಲ್ಲಿ ಒಂದೇ ಗಾಡಿಗೆ ಜಾಗವಿದ್ದುದರಿಂದ ಮಗನ ಕಾರು ವರ್ಷಗಳಿಂದ ಹೊರಗೇ ನಿಲ್ಲುತ್ತಿತ್ತು. ಅಂದು ಸಂಜೆಯ ಬಸ್ಸಿಗೆ ಮಗ ಬೆಂಗಳೂರಿಗೆ ಹೊರಟಿದ್ದ. ಕಾರಿನ ಕೀಲಿಕೈ ಅವನ ಕಿಸೆಯಲ್ಲಿಯೇ ಹೋಗಿತ್ತು.

ಕೊನೆಗೆ ಕಪ್ಪು ಪಂಚೆಯ ಎಂಟು ಹತ್ತು ಮಂದಿ ಬಸ್ಸಿನಿಂದಿಳಿದು ಬರಿಗಾಲಲ್ಲೇ ಓಣಿಯೊಳಕ್ಕೆ ಓಡಿದರು. ಹಿರಿಯರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿಕೊಂಡು ಬಂದು ಆಂಬುಲೆನ್ಸಿಗೆ ಮುಟ್ಟಿಸಿದರು. ಅವರು ಉಳಿದರು. ಆ ಮೇಲೆಯೂ ಎರಡು ವರ್ಷ ನಮ್ಮೊಡನೆ ಇದ್ದರು.

ಮರುವಾರ ನಾನು ಮಾಡಿದ ಕೆಲಸವೆಂದರೆ, ವಸತಿ ರಸ್ತೆಗಳಲ್ಲಿ ಪ್ರವಾಸಿ ಬಸ್ಸುಗಳ ಹಾವಳಿಯ ಬಗ್ಗೆ ಎರಡು ಪುಟದ ದೂರು ಬರೆದು, ಓಣಿಯವರ ಸಹಿ ಸಂಗ್ರಹಿಸಲು ಹೊರಟದ್ದು. ಆ ಮನೆಯ ಅಮ್ಮ ಕನ್ನಡಕ ಹಾಕಿಕೊಂಡು ಎರಡೂ ಪುಟ ಓದಿದರು. ಸಹಿ ಹಾಕಿ ಕಾಗದವನ್ನು ಹಿಂದೆ ಕೊಡುತ್ತ, 'ಬಸ್ಸಿನ ವಿಷಯ ಎಲ್ಲ ಸರಿಯಾಗಿ ಬರೆದಿದ್ದೀರಿ ಮಾಷ್ಟ್ರೇ, ಕಾರಿನ ವಿಷಯ ಬಿಟ್ಟುಹೋಗಿದೆಯಲ್ಲ' ಎಂದರು. ದನಿಯಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಆ ದೂರು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿದೆ.

ಅಂದಿನಿಂದ ಈ ವಿಷಯದ ಕಾನೂನನ್ನು ಸ್ವಲ್ಪ ಓದಿಕೊಂಡಿದ್ದೇನೆ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮು, ಇತರರಿಗೆ ಅಪಾಯ ಅಥವಾ ಅಡಚಣೆಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಬಿಟ್ಟುಹೋಗುವುದನ್ನು ನಿಷೇಧಿಸುತ್ತದೆ. ಇನ್ನೊಂದು ನಿಂತ ವಾಹನಕ್ಕೆ ಎದುರಾಗಿ ವಾಹನ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಾವಳಿಯೇ ಹೇಳಿತ್ತು; ಮನೆಗಳ ಪ್ರವೇಶದ್ವಾರಕ್ಕೆ ಅಡ್ಡವಾಗಿ ನಿಲ್ಲಿಸಬಾರದೆಂಬುದು ಅದರ ಬದಲಿಗೆ 2017ರಲ್ಲಿ ಬಂದ ನಿಯಮಗಳಲ್ಲೂ ಇದೆ. 127ನೇ ಕಲಮಿನ ಪ್ರಕಾರ, ಹತ್ತು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಸಾರ್ವಜನಿಕ ಸ್ಥಳದಲ್ಲಿ ವಾರಸುದಾರರಿಲ್ಲದೆ ಬಿಟ್ಟ ವಾಹನವನ್ನು, ಅಥವಾ ನಿಲುಗಡೆ ನಿಷೇಧವಿರುವಲ್ಲಿ ನಿಲ್ಲಿಸಿದ ವಾಹನವನ್ನು, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎತ್ತಿಸಬಹುದು. ಈಗ ಲೆಕ್ಕ ಹಾಕಿ. ರಾತ್ರಿ ಹತ್ತಕ್ಕೆ ಬಂದು ಬೆಳಿಗ್ಗೆ ಏಳಕ್ಕೆ ಹೊರಡುವ, ಒಳಗೆ ಚಾಲಕನೇ ಮಲಗಿರುವ ಪ್ರವಾಸಿ ಬಸ್ಸಿಗೆ ಹತ್ತು ಗಂಟೆಯ ಮಾತು ತಟ್ಟುವುದೇ ಇಲ್ಲ. ತಟ್ಟುವುದು, ವಾರಗಟ್ಟಲೆ ಕದಲದೆ ಧೂಳು ತಿನ್ನುತ್ತ ನಿಂತ ನಮ್ಮ ನಿಮ್ಮ ಎರಡನೆಯ ಕಾರುಗಳಿಗೆ.

ಕಾಯ್ದೆಯಲ್ಲಿ ಇನ್ನೊಂದು ಕಲಮಿದೆ. ಅದರ ಹೆಸರೆತ್ತುವವರು ಕಡಿಮೆ. 117ನೇ ಕಲಮು: ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರವು ಸ್ಥಳೀಯ ಸಂಸ್ಥೆಯೊಂದಿಗೆ ಸಮಾಲೋಚಿಸಿ ವಾಹನಗಳು ತಂಗುವ ಸ್ಥಳಗಳನ್ನು ಗೊತ್ತುಮಾಡಬಹುದು. ಎಂದರೆ 'ಇಲ್ಲಿ ನಿಲ್ಲಬೇಡ' ಎನ್ನುವ ಅಧಿಕಾರದ ಜೊತೆಗೆ 'ಅಲ್ಲಿ ನಿಲ್ಲು' ಎನ್ನುವ ಅಧಿಕಾರವನ್ನೂ ಕಾನೂನು ಕೊಟ್ಟಿದೆ. ನಮ್ಮ ಪೇಟೆಗಳಲ್ಲಿ ಮೊದಲನೆಯದರ ಫಲಕಗಳು ಕಂಬಕಂಬಕ್ಕೂ ತೂಗುತ್ತವೆ. ಎರಡನೆಯದರ ಫಲಕ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ಚಾಲಕನಿಗೆ ದಿನಕ್ಕೆ ಎಂಟು ಗಂಟೆಯ ದುಡಿಮೆಯ ಮಿತಿ ಹಾಕಿ ವಿಶ್ರಾಂತಿಯ ಹಕ್ಕು ಕೊಟ್ಟು ಆರು ದಶಕಗಳು ಕಳೆದವು. ಆ ವಿಶ್ರಾಂತಿ ಬಸ್ಸಿನ ಬಾನೆಟ್ಟಿನ ಮೇಲೆ, ಸೊಳ್ಳೆಬತ್ತಿಯ ಹೊಗೆಯಲ್ಲಿ, ಯಾರೋ ಬಂದು ಗದರಿಸಿ ಎಬ್ಬಿಸುವ ತನಕ ನಡೆಯುತ್ತದೆ. ಅವನೇ ಮರುದಿನ ಶಿರಾಡಿ ಅಥವಾ ಚಾರ್ಮಾಡಿಯ ತಿರುವುಗಳಲ್ಲಿ ನಲವತ್ತು ಜೀವಗಳನ್ನು ಹೊತ್ತು ಏರಬೇಕು.

ಬೇರೆ ದೇಶಗಳಲ್ಲಿ ಇದೇ ಜಗಳ ಬೇರೆ ವೇಷದಲ್ಲಿ ನಡೆದಿದೆ. ನ್ಯೂಜಿಲೆಂಡಿನಲ್ಲಿ ವ್ಯಾನುಗಳಲ್ಲೇ ಮಲಗುತ್ತ ಊರು ಸುತ್ತುವವರು ಕಡಲಬದಿಯ ಬಡಾವಣೆಗಳಲ್ಲಿ ಠಿಕಾಣಿ ಹೂಡುತ್ತಿದ್ದರು. ಪೊದೆಗಳ ಮರೆಯಲ್ಲಿ ಗಲೀಜು ಮಾಡುತ್ತಾರೆಂದು ನಿವಾಸಿಗಳು ದಂಗೆಯೆದ್ದರು. ಅಲ್ಲಿ ರಗ್ಬಿ ವಿಶ್ವಕಪ್ ನಡೆದ 2011ರಲ್ಲೇ ಇದಕ್ಕೊಂದು ಕಾಯ್ದೆ ಬಂತು. 2023ರಲ್ಲಿ ಅದನ್ನು ಬಿಗಿಗೊಳಿಸಿದರು. ವಾಹನದೊಳಗೆ ಕದಲದಂತೆ ಕೂರಿಸಿದ ಶೌಚದ ವ್ಯವಸ್ಥೆ ಇದೆಯೇ ಇಲ್ಲವೇ ಎಂಬುದೇ ಬಿಗಿಗೊಳಿಸಿದ ನಿಯಮದ ತಿರುಳು. ಇದ್ದವರಿಗೆ ಒಂದು ನಿಯಮ, ಇಲ್ಲದವರಿಗೆ ಅದಕ್ಕೆಂದೇ ಗೊತ್ತುಮಾಡಿದ ಜಾಗ. ಶ್ರೀಮಂತ ದೇಶದ ಶಾಸಕರು ಕೂಡ ಕೊನೆಗೆ ಬಂದು ಮುಟ್ಟಿದ್ದು ನಮ್ಮ ಗೇಟಿನ ಬಳಿ ಆ ಅಜ್ಜಿ ಕೇಳಿದ ಪ್ರಶ್ನೆಗೇ. ಜಪಾನಿನದು ಇನ್ನೊಂದು ದಾರಿ. ಅಲ್ಲಿ 1962ರಿಂದಲೇ, ಮನೆಯ ಹತ್ತಿರ ನಿಲ್ಲಿಸಲು ಜಾಗವಿದೆಯೆಂದು ರುಜುವಾತು ತೋರಿಸದೆ ಕಾರು ಕೊಳ್ಳುವುದು ಸುಲಭವಲ್ಲ; ರಾತ್ರಿ ಹೊತ್ತು ಎಂಟು ಗಂಟೆಗಿಂತ ಹೆಚ್ಚು ರಸ್ತೆಯಲ್ಲಿ ಕಾರು ಬಿಟ್ಟರೆ ರಸ್ತೆಯನ್ನು ಗ್ಯಾರೇಜು ಮಾಡಿಕೊಂಡ ಅಪರಾಧ. ನ್ಯೂಜಿಲೆಂಡಿನ ಕಾನೂನು ಬಂದುಹೋಗುವವರಿಗೆ, ಜಪಾನಿನದು ಇರುವವರಿಗೆ. ನಮಗೆ ಎರಡೂ ಬೇಕು. ಕರ್ನಾಟಕದಲ್ಲಿ ನಿಲ್ಲಿಸುವ ಜಾಗ ತೋರಿಸಿದವರಿಗೆ ಮಾತ್ರ ವಾಹನ ನೋಂದಣಿ ಎಂಬ ಮಾತು ಆಗಾಗ ಕೇಳಿಬಂದು ಹಾಗೆಯೇ ಅಡಗಿಹೋಗಿದೆ. ಅಡಗಿಸಿದವರು ನಾವೇ, ಮಧ್ಯಮವರ್ಗದ ಕಾರಿನ ಮಾಲೀಕರು. ಹೆಂಚಿನ ಮನೆಗಳನ್ನು ಕೆಡವಿ ಕಟ್ಟಿದ ವಸತಿ ಸಮುಚ್ಚಯಗಳ ನೆಲಮಾಳಿಗೆಯ ನಿಲುಗಡೆ ಜಾಗ ಅಂಗಡಿಯೋ ಉಗ್ರಾಣವೋ ಆಗುವುದನ್ನು ಕಂಡೂ ಕಾಣದವರೂ ನಾವೇ.

ರಸ್ತೆ ಯಾರದು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ಸರಳ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಪ್ರಕಾರ ಸಾರ್ವಜನಿಕ ಬೀದಿಗಳು ಪಾಲಿಕೆಯ ಅಧೀನ. ಆದರೆ ಮನೆಯ ಮುಂದಿನ ರಸ್ತೆಯ ಮೇಲೆ ಮನೆಯವನಿಗೆ ಒಂದು ಗುಪ್ತ ಒಡೆತನವಿದೆಯೆಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಹೂಕುಂಡವಿಡುತ್ತೇವೆ, ಕಲ್ಲು ಇಡುತ್ತೇವೆ, 'ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ' ಎಂದು ಬರೆದು ಅದರ ಅಡಿಯಲ್ಲೇ ನಮ್ಮ ವಾಹನ ನಿಲ್ಲಿಸುತ್ತೇವೆ. ಇದರ ಫಲವನ್ನು ಮಳೆಗಾಲ ತೋರಿಸಿಕೊಡುತ್ತದೆ. 2018ರ ಮೇ 29ರ ಮಳೆಗೆ ಕೊಟ್ಟಾರ ಚೌಕಿ ಮುಳುಗಿದ್ದು ಎಲ್ಲರಿಗೂ ನೆನಪಿರಬಹುದು. ಚರಂಡಿಯ ಹೂಳೆತ್ತಲು ಬರುವ ಕಾರ್ಮಿಕರು ಪ್ರತಿ ಏಪ್ರಿಲಿನಲ್ಲಿ ಮಾಡುವ ಮೊದಲ ಕೆಲಸ ಗುದ್ದಲಿ ಹಾಕುವುದಲ್ಲ, ಚಪ್ಪಡಿಯ ಮೇಲೆ ನಿಂತ ಕಾರು ಯಾರದೆಂದು ಮನೆಮನೆಗೆ ಹೋಗಿ ವಿಚಾರಿಸುವುದು. ಬಸ್ಸಿನ ಭಾರಕ್ಕೆ ಚಪ್ಪಡಿ ಒಡೆಯುತ್ತದೆಂಬುದೂ ಸತ್ಯ. ನಮ್ಮ ಓಣಿಯಲ್ಲಿ ಎರಡು ಒಡೆದಿವೆ.

ಹಾಗಾದರೆ ಬಂದವರನ್ನೆಲ್ಲ ಸಹಿಸಿಕೊಂಡು ಸುಮ್ಮನಿರಬೇಕೆ? ಖಂಡಿತ ಬೇಡ. ಬೆಳಗಾದಾಗ ಗೋಡೆಯ ಬುಡದಲ್ಲಿ ಬಿಟ್ಟುಹೋದ ಎಂಜಲು ತಟ್ಟೆಗಳನ್ನು, ಅದಕ್ಕಿಂತ ಕೆಟ್ಟದ್ದನ್ನು, ಗುಡಿಸುವ ಪೌರಕಾರ್ಮಿಕ ಮಹಿಳೆಯ ಎದುರು ನಿಂತು ಔದಾರ್ಯದ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ನಡುರಾತ್ರಿ ಎಂಜಿನ್ನಿನ ಸದ್ದು, ಹಾಡು, ಕುಡಿದವರ ಗಲಾಟೆ ಇವೆಲ್ಲ ನಿಜ. ಹೆಣ್ಣುಮಕ್ಕಳು ಸಂಜೆಯ ಪಾಳಿ ಮುಗಿಸಿ ಕತ್ತಲೆಯಲ್ಲಿ ಸಾಲು ಲಾರಿಗಳ ಮರೆಯಲ್ಲಿ ನಡೆದು ಬರುವಾಗಿನ ಅಂಜಿಕೆಯೂ ನಿಜ. ವಸತಿ ರಸ್ತೆಯಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಸ್ಸು, ಲಾರಿ, ಟೆಂಪೊ ಟ್ರಾವೆಲರ್ ನಿಲ್ಲಕೂಡದೆಂಬ ನಿಯಮ ಬೇಕೆಂದೇ ನನ್ನ ವಾದ. ಆದರೆ ನಿಷೇಧ ಎರಡನೆಯ ಹೆಜ್ಜೆಯಾಗಬೇಕು. ಮೊದಲ ಹೆಜ್ಜೆ ಇಡದೆ ಎರಡನೆಯದನ್ನು ಇಟ್ಟರೆ ಕೊಟ್ಟಾರದ ಬಸ್ಸು ಅಶೋಕನಗರಕ್ಕೆ ಹೋಗುತ್ತದೆ, ಅಲ್ಲಿಂದ ಓಡಿಸಿದರೆ ದೇರೆಬೈಲಿಗೆ. ಅಜ್ಜಿಯ ಪ್ರಶ್ನೆ ಇನ್ನೊಂದು ಮನೆಯ ಗೇಟಿಗೆ.

ನಮ್ಮ ಜಿಲ್ಲೆಗೆ ಈ ಮೊದಲ ಹೆಜ್ಜೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ. 'ಚೌಕಿ' ಎಂದರೆ ಕಾವಲಿನ ಠಾಣೆ. ಯಕ್ಷಗಾನದಲ್ಲಿ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೂ ಅದೇ ಹೆಸರು. ಮೇಳಗಳ ತಿರುಗಾಟವೆಂದರೇನು? ಕಾರ್ತಿಕದ ಸುಮಾರಿಗೆ ಹೊರಟು ಪತ್ತನಾಜೆಯವರೆಗೆ, ಆರು ತಿಂಗಳ ಕಾಲ, ಬಸ್ಸು ಲಾರಿಗಳಲ್ಲಿ ಹತ್ತಾರು ಜನ ದಿನಕ್ಕೊಂದು ಊರು ಹೋಗುವುದು. ಅವರು ಎಂದಾದರೂ ಯಾರ ಮನೆಯ ಗೋಡೆಯ ಬುಡದಲ್ಲಿ ಅನಾಥರಾಗಿ ಮಲಗಿದ್ದುಂಟೆ? ಆಟ ಆಡಿಸುವವರು ಮೇಳಕ್ಕೆ ಬಿಡಾರ ಒದಗಿಸಬೇಕು ಎಂಬುದು ಮಾತಿಲ್ಲದ ಕಟ್ಟಳೆ. ಶಾಲೆಯೋ, ಸಭಾಭವನವೋ, ಮನೆಯ ಚಾವಡಿಯೋ, ನೀರಿರುವ, ನೆರಳಿರುವ ಒಂದು ಜಾಗ. ವೀಳ್ಯ ಕೊಟ್ಟವರು ಬಿಡಾರವನ್ನೂ ಕೊಡಬೇಕು. ಧರ್ಮಸ್ಥಳದಂಥ ಕ್ಷೇತ್ರಗಳು ಯಾತ್ರಿಕರ ವಸತಿಯನ್ನೂ ವಾಹನಗಳ ನಿಲುಗಡೆಯನ್ನೂ ತಮ್ಮ ಹೊಣೆಯೆಂದೇ ತಿಳಿದಿವೆ. ಹೊಣೆ ಮರೆತಿರುವುದು ನಗರ ಮಾತ್ರ. ಕಡಲತೀರ, ಪಿಲಿಕುಳ, ದೇವಾಲಯಗಳ ಚಿತ್ರ ಹಾಕಿ ಬನ್ನಿ ಬನ್ನಿ ಎಂದು ವೀಳ್ಯ ಕೊಡುತ್ತಲೇ ಇದ್ದೇವೆ. 2021ರಿಂದ ಅಖಿಲ ಭಾರತ ಪ್ರವಾಸಿ ಪರವಾನಗಿ ಆನ್‌ಲೈನಿನಲ್ಲೇ ಸಿಗುವಂತಾಗಿ ಹೊರರಾಜ್ಯದ ಗಾಡಿಗಳಿಗೂ ದಾರಿ ಸಲೀಸಾಯಿತು. ಪಕ್ಕದ ಕೇರಳವು ಅದೇ 2021ರಲ್ಲಿ ಕಾರವಾನ್ ಪ್ರವಾಸಕ್ಕೊಂದು ನೀತಿ ರೂಪಿಸುವಾಗ ವಾಹನದ ಜೊತೆಗೇ ಅದು ರಾತ್ರಿ ತಂಗುವ ತಾಣದ ಬಗ್ಗೆಯೂ ಬರೆಯಿತು; ಮರುವರ್ಷ ವಾಗಮಣ್ಣಿನಲ್ಲಿ ಮೊದಲ ತಾಣ ತೆರೆಯಿತು. ಅಲ್ಲಿ ಬರುವವರು ಉಳ್ಳವರು, ನಮ್ಮ ಬಾಗಲಕೋಟೆಯ ಬಸ್ಸಿನವರಲ್ಲ ಎಂಬುದು ನಿಜವೇ. ಆದರೂ ವಾಹನ ಮತ್ತು ಬಿಡಾರ ಒಂದೇ ವಾಕ್ಯದಲ್ಲಿ ಬಂದದ್ದು ಗಮನಿಸತಕ್ಕದ್ದು.

ಬೇಕಾದದ್ದು ದೊಡ್ಡದೇನೂ ಅಲ್ಲ. ಕೂಳೂರಿನಿಂದ ಬೈಕಂಪಾಡಿಯ ನಡುವೆ ಹೆದ್ದಾರಿಗೆ ತಾಗಿ ಎರಡು ಎಕರೆ ನೆಲ. ಜಲ್ಲಿ ಹಾಸಿ ಗಟ್ಟಿಮಾಡಿದ ಅಂಗಳ, ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಶೌಚಾಲಯ ಮತ್ತು ಸ್ನಾನದ ಕೋಣೆ, ನಲ್ಲಿ, ಅಡುಗೆಗೆ ಮಾಡು ಹೊದೆಸಿದ ಒಂದು ಕಟ್ಟೆ, ಚಾಲಕರು ಕಾಲು ಚಾಚಲು ಒಂದು ಹಜಾರ, ಬೆಳಕು, ರಾತ್ರಿಯ ಕಾವಲುಗಾರ. ಲಾರಿಗಳಿಗೆ ಬೇರೆ ಅಂಕಣ. ಗಾಡಿಗಿಷ್ಟು ಎಂದು ಶುಲ್ಕ ವಸೂಲಿ ಮಾಡಲಿ; ಪ್ರವಾಸ ಹೊರಟವರು ತಲೆಗೆ ಹತ್ತು ಇಪ್ಪತ್ತು ರೂಪಾಯಿ ಕೊಡಲು ಹಿಂಜರಿಯುವುದಿಲ್ಲ. ಲಾರಿ ನಿಲ್ದಾಣಗಳಿಗೆಂದೇ ದೇವರಾಜ ಅರಸು ಹೆಸರಿನ ಸರ್ಕಾರಿ ಸಂಸ್ಥೆಯೊಂದು ರಾಜ್ಯದಲ್ಲಿದೆ. ಅದರ ಅನುಭವ ಬಳಸಿಕೊಳ್ಳಬಹುದು. ಜಾಗವೆಲ್ಲಿ ಎಂದು ಕೇಳುವವರಿಗೆ ನನ್ನದೊಂದು ಮರುಪ್ರಶ್ನೆ. 2022ರ ಸೆಪ್ಟೆಂಬರಿನಲ್ಲಿ ಪ್ರಧಾನಿಯವರು ಬಂದಾಗ ಇದೇ ಕೂಳೂರಿನ ಬಯಲಿನಲ್ಲಿ ಬೃಹತ್ ಸಮಾವೇಶ ನಡೆಯಿತು. ಜಿಲ್ಲೆಯ ಮೂಲೆಮೂಲೆಯಿಂದ ಬಂದ ಬಸ್ಸುಗಳಿಗೆ ನಿಲ್ಲುವ ಜಾಗ, ನೀರು, ದಾರಿ ತೋರಿಸುವ ಪೊಲೀಸರು ಎಲ್ಲ ಸಿದ್ಧವಾಗಿರಲಿಲ್ಲವೆ? ಒಂದು ದಿನಕ್ಕೆ ಒದಗಿದ ಚುರುಕು ಒಂದು ಋತುವಿಗೆ ಯಾಕೆ ಒದಗುವುದಿಲ್ಲ? ಕನಿಷ್ಠಪಕ್ಷ ನವೆಂಬರಿನಿಂದ ಜನವರಿಯವರೆಗಾದರೂ ಒಂದು ಮೈದಾನವನ್ನು ಗೊತ್ತುಮಾಡಿ, ಸಂಚಾರಿ ಶೌಚಾಲಯ ನಿಲ್ಲಿಸಿ ನೋಡಬಹುದು. ಕೊಟ್ಟಾರ ಚೌಕಿಯಲ್ಲಿ ಕನ್ನಡ, ಮಲಯಾಳ, ಮರಾಠಿ, ತೆಲುಗಿನಲ್ಲಿ ಬಾಣದ ಗುರುತಿನ ಒಂದು ಫಲಕ ಸಾಕು.

ಲಾಡ್ಜುಗಳ ವ್ಯಾಪಾರ ಕೆಡುತ್ತದೆಂದು ಒಬ್ಬ ಗೆಳೆಯರು ಆಕ್ಷೇಪಿಸಿದರು. ಗ್ಯಾಸ್ ಒಲೆ, ಅಕ್ಕಿಮೂಟೆ ಕಟ್ಟಿಕೊಂಡು ಹೊರಟವರು ಲಾಡ್ಜಿನ ಗಿರಾಕಿಗಳೇ ಅಲ್ಲ. ಇನ್ನೊಬ್ಬರು, ಇಂಥ ಸೌಕರ್ಯ ಮಾಡಿದರೆ ಇನ್ನೂ ಹೆಚ್ಚು ಜನ ಬರುತ್ತಾರೆ ಎಂದರು. ಬರಲಿ ಎಂದೇ ಅಲ್ಲವೇ ನಾವು ಜಾಹೀರಾತು ಹಾಕುವುದು?

ನಮ್ಮ ಮನೆಯ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಆ ರಾತ್ರಿಯ ನಂತರ ಅಂಗಳದ ದಾಸವಾಳದ ಬೇಲಿಯನ್ನೂ ಒಂದು ಪೇರಳೆ ಮರವನ್ನೂ ತೆಗೆಸಿ ಎರಡನೆಯ ಕಾರಿಗೆ ಜಾಗ ಮಾಡಿದೆವು. ಮರ ಕಡಿಸಿದ್ದಕ್ಕೆ ಹೆಂಡತಿ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕಾರು ಮಾರಿಬಿಡುವುದು ಇನ್ನೂ ಸುಲಭದ ದಾರಿಯಾಗಿತ್ತೆಂದು ಅವಳ ಅಭಿಪ್ರಾಯ. ಅದು ಸರಿಯೆಂದು ನನಗೂ ಈಗ ಅನಿಸುತ್ತದೆ. ಓಣಿಯಲ್ಲಿ ಇನ್ನೂ ಐದು ಕಾರುಗಳು ಹೊರಗೇ ಮಲಗುತ್ತವೆ.

ಡಿಸೆಂಬರಿನ ಆ ಬೆಳಿಗ್ಗೆ ನನ್ನ ಹೆಂಡತಿ ಹಿತ್ತಲಿನಲ್ಲಿ, ತೋಟದ ಕೆಲಸದವರಿಗೆಂದು ಹಿಂದೆ ಕಟ್ಟಿಸಿದ್ದ ಶೌಚಾಲಯದ ಬಾಗಿಲು ತೆರೆದ�ಳು. ಹೆಂಗಸರೂ ಮಕ್ಕಳೂ ಸಾಲಾಗಿ ಹೋಗಿಬಂದರು. ಜಗಲಿಯಲ್ಲಿ ಪೇಪರು ಹಿಡಿದು ಕುಳಿತಿದ್ದ ನಾನು ಓದುತ್ತಿರಲಿಲ್ಲ. ಗುಂಡಿ ತುಂಬಿದರೆ ಏನು ಗತಿ ಎಂದು ತಲೆಗಳನ್ನು ಎಣಿಸುತ್ತಿದ್ದೆ. ಹೊರಡುವ ಮುನ್ನ ಅಡುಗೆಯವರು ಚಪ್ಪಡಿಯನ್ನು ಎರಡು ಕೊಡ ನೀರು ಹಾಕಿ ತೊಳೆದರು. ಬಾಳೆಎಲೆಯಲ್ಲಿ ಬಿಸಿ ಉಪ್ಪಿಟ್ಟು ನಮ್ಮ ಮನೆಗೂ ಬಂತು. ಚಾಲಕ ಬಂದು ಕೈಮುಗಿದು, 'ಬರೋ ವರ್ಷಾನೂ ಬರ್ತೀವ್ರಿ ಸರ, ಇಲ್ಲಿ ನಿಂದರಸೋದು ನಿಮಗ ತ್ರಾಸ ಆಗತೈತಿ, ಗೊತ್ತದ. ಎಲ್ಲಿ ನಿಂದರಸಬೇಕು ಹೇಳ್ರಿ' ಎಂದ. ನಾನು ಕೂಳೂರು ಸೇತುವೆಯ ಕಡೆಗೆ ಕೈ ತೋರಿಸಿದೆ. ಅಲ್ಲಿ ಏನಿದೆ ಎಂದು ಆತ ಕೇಳಲಿಲ್ಲ.